ಸ್ವಿಸ್ ಹೆದ್ದಾರಿಯ ಇ-ವಿನ್ಯೆಟ್: 40 ಫ್ರಾಂಕ್‌ಗೆ ಏನು ಸಿಗುತ್ತೆ, ಬಾಡಿಗೆ ಕಾರಿನವರು ಎಲ್ಲಿ ಎಡವುತ್ತಾರೆ

ಸ್ವಿಟ್ಜರ್‌ಲ್ಯಾಂಡಿನ ಹೆದ್ದಾರಿಗಳಲ್ಲಿ ನಿಂತು ದುಡ್ಡು ಕಟ್ಟುವ ಟೋಲ್ ಗೇಟ್ ಇಲ್ಲ. ಅದರ ಬದಲು ವರ್ಷಕ್ಕೊಂದು ವಿನ್ಯೆಟ್, ಅಂದರೆ ಹೆದ್ದಾರಿ ಬಳಸಲು ದುಡ್ಡು ಕಟ್ಟಿದ ಗುರುತು, ಕೊಳ್ಳಬೇಕು. ಬೆಲೆ 40 ಫ್ರಾಂಕ್. 1995ರಿಂದ ಇದೇ ದರ; ನೂರಕ್ಕೆ ಏರಿಸಲು ಸರ್ಕಾರ ಹೊರಟಾಗ 2013ರಲ್ಲಿ ಜನ ಮತ ಹಾಕಿಯೇ ಬೇಡ ಅಂದರು. ಮೊದಲೆಲ್ಲ ಗಾಜಿಗೆ ಅಂಟಿಸುವ ಸ್ಟಿಕ್ಕರ್ ಮಾತ್ರ ಇತ್ತು. 2023ರ ಆಗಸ್ಟ್ 1ರಿಂದ ಕಾರಿನ ನಂಬರಿಗೆ ಆನ್‌ಲೈನಿನಲ್ಲೇ ದಾಖಲಾಗುವ ಇ-ವಿನ್ಯೆಟ್ ಕೂಡ ಸಿಗುತ್ತಿದೆ, ಬೆಲೆ ಎರಡಕ್ಕೂ ಒಂದೇ. ನೀವು ಓಡಿಸುವ ಕಾರಿನ ನಂಬರ್ ಮೊದಲೇ ಗೊತ್ತಿದ್ದರೆ ಇ-ವಿನ್ಯೆಟ್ ಬಿಟ್ಟು ಬೇರೆ ಯೋಚನೆಯೇ ಬೇಡ. ನಂಬರ್ ಗೊತ್ತಿಲ್ಲದಿದ್ದರೆ ಸ್ವಲ್ಪ ತಾಳಿ.

ಕೊಳ್ಳುವ ಕೆಲಸ ಐದು ನಿಮಿಷದ್ದು. ಸ್ವಿಸ್ ಸುಂಕ ಮತ್ತು ಗಡಿ ಭದ್ರತಾ ಇಲಾಖೆಯ ‘ವಿಯಾ’ ಪೋರ್ಟಲ್‌ಗೆ ಹೋಗಿ ವಾಹನದ ಬಗೆ, ನೋಂದಣಿಯಾದ ದೇಶ, ಪ್ಲೇಟಿನ ನಂಬರ್, ಯಾವ ವರ್ಷದ್ದು ಬೇಕು ಅನ್ನುವುದನ್ನು ತುಂಬಿ ಕಾರ್ಡಿನಲ್ಲಿ ದುಡ್ಡು ಕಟ್ಟಿದರೆ ಮುಗಿಯಿತು. ಖಾತೆ ತೆರೆಯುವ ರಗಳೆ ಇಲ್ಲ, ಕೊಂಡ ಕೂಡಲೇ ಚಾಲ್ತಿಗೆ ಬರುತ್ತದೆ. ಸರ್ಚ್ ಮಾಡಿದಾಗ ಮೇಲೆ ಕಾಣುವ ಜಾಹೀರಾತಿನ ಸೈಟ್‌ಗಳನ್ನು ಮಾತ್ರ ಮುಟ್ಟಬೇಡಿ. ಅವು ಮಧ್ಯವರ್ತಿಗಳು, ‘ಸೇವಾ ಶುಲ್ಕ’ ಅಂತ ಮೇಲೆ ಹಾಕುತ್ತವೆ. ಪರದೆಯ ಮೇಲೆ 40ಕ್ಕಿಂತ ಜಾಸ್ತಿ ಫ್ರಾಂಕ್ ಕಂಡರೆ ನೀವು ತಪ್ಪು ಬಾಗಿಲು ತಟ್ಟಿದ್ದೀರಿ.

ನಿಜವಾದ ಎಡವಟ್ಟು ಆಗುವುದು ನಂಬರ್ ತುಂಬುವ ಜಾಗದಲ್ಲಿ. ಇ-ವಿನ್ಯೆಟ್ ಅಂಟಿಕೊಂಡಿರುವುದು ಪ್ಲೇಟಿನ ನಂಬರಿಗೆ. ಕಾರಿಗೂ ಅಲ್ಲ, ನಿಮಗೂ ಅಲ್ಲ. ಸೊನ್ನೆಯ ಜಾಗದಲ್ಲಿ ‘ಓ’ ಅಕ್ಷರ, ಒಂದರ ಜಾಗದಲ್ಲಿ ‘ಐ’ ಬಿದ್ದರೆ ಲೆಕ್ಕಕ್ಕೆ ನೀವು ವಿನ್ಯೆಟ್ ಇಲ್ಲದವರೇ. ಜರ್ಮನ್ ಪ್ಲೇಟುಗಳಲ್ಲಿ ಇನ್ನೊಂದು ತೊಡಕಿದೆ. ಟ್ಯೂಬಿಂಗನ್‌ನಂಥ ಊರಿನ ಪ್ಲೇಟಿನಲ್ಲಿ ‘ಯು’ ಅಕ್ಷರದ ತಲೆಯ ಮೇಲೆ ಎರಡು ಚುಕ್ಕಿ ಇರುತ್ತವೆ, ಅವನ್ನು ನುಂಗಿ ಹಾಕಬಾರದು. ದೇಶದ ಆಯ್ಕೆಯೂ ಅಷ್ಟೇ ಮುಖ್ಯ: ಕಾರು ಎಲ್ಲಿ ನೋಂದಣಿಯಾಗಿದೆಯೋ ಆ ದೇಶ, ನೀವು ಎಲ್ಲಿಂದ ಬಂದಿರಿ ಅನ್ನುವುದಲ್ಲ. ಕಾರು ಕೈಗೆ ಬಂದ ಮೇಲೆ ಪ್ಲೇಟಿನ ಫೋಟೋ ತೆಗೆದು, ಅದನ್ನು ನೋಡಿಕೊಂಡೇ ತುಂಬಿ. ಬಾಡಿಗೆ ಕಂಪನಿಯವರು ಕೊನೆ ಗಳಿಗೆಯಲ್ಲಿ ಕಾರು ಬದಲಿಸುವುದು ಮಾಮೂಲು, ಹಿಂದಿನ ರಾತ್ರಿ ಕೊಂಡವರ 40 ಫ್ರಾಂಕ್ ಅಲ್ಲಿಗೆ ಹೋಯಿತು.

ಸ್ವಿಸ್ ನೋಂದಣಿಯ ಬಾಡಿಗೆ ಕಾರಿಗೆ ಸಾಮಾನ್ಯವಾಗಿ ವಿನ್ಯೆಟ್ ಇದ್ದೇ ಇರುತ್ತದೆ. ಗಾಜಿನ ಮೇಲೆ ಸ್ಟಿಕ್ಕರ್ ಕಾಣಲಿಲ್ಲ ಅಂತ ಗಾಬರಿಯಾಗಿ ಇನ್ನೊಂದು ಕೊಳ್ಳಬೇಡಿ, ಇ-ವಿನ್ಯೆಟ್ ಇರಬಹುದು. ಕೀ ಕೊಡುವಾಗಲೇ ಕೌಂಟರಿನಲ್ಲಿ ಕೇಳಿ. ಗಮನ ಬೇಕಿರುವುದು ಜಿನೀವಾ ಮತ್ತು ಬಾಸೆಲ್ ವಿಮಾನ ನಿಲ್ದಾಣಗಳಲ್ಲಿ. ಎರಡರಲ್ಲೂ ಫ್ರೆಂಚ್ ಬದಿ, ಸ್ವಿಸ್ ಬದಿ ಅಂತ ಎರಡು ಬಾಗಿಲು. ಬಾಡಿಗೆ ಅಗ್ಗ ಅಂತ ಫ್ರೆಂಚ್ ಬದಿಯಲ್ಲಿ ಬುಕ್ ಮಾಡಿದರೆ ಫ್ರೆಂಚ್ ಪ್ಲೇಟಿನ ಕಾರು ಬರುತ್ತದೆ. ಅದಕ್ಕೆ ವಿನ್ಯೆಟ್ ಇದೆ ಅಂತ ನಂಬಿಕೊಂಡು ಹೊರಡಬೇಡಿ. ಉಳಿಸಿದ ದುಡ್ಡಿನಿಂದ 40 ಫ್ರಾಂಕ್ ಕಳೆದು ಲೆಕ್ಕ ಹಾಕಿ.

ನಂಬರ್ ಗೊಂದಲದ ಗೋಜೇ ಬೇಡ ಅನ್ನುವವರಿಗೆ ಗಡಿಯಲ್ಲೂ ಪೆಟ್ರೋಲ್ ಬಂಕುಗಳಲ್ಲೂ ಸ್ಟಿಕ್ಕರ್ ಸಿಗುತ್ತದೆ. ಹಿಂದಿನ ಹಾಳೆ ಬಿಡಿಸಿ, ಮುಂದಿನ ಗಾಜಿನ ಒಳಬದಿಗೆ ನೇರವಾಗಿ ಅಂಟಿಸಬೇಕು. ಎಡ ಅಂಚು ಅಥವಾ ಕನ್ನಡಿಯ ಹಿಂದಿನ ಜಾಗ ಸರಿ. ವಾಪಸ್ ಕಿತ್ತುಕೊಳ್ಳುವ ಆಸೆಯಿಂದ ಸೆಲೋ ಟೇಪ್ ಹಾಕಿ ಸಿಕ್ಕಿಸುವುದು, ಡ್ಯಾಶ್‌ಬೋರ್ಡ್ ಮೇಲೆ ಸುಮ್ಮನೆ ಇಡುವುದು ಎರಡೂ ವಿನ್ಯೆಟ್ ಇಲ್ಲದಿರುವುದಕ್ಕೆ ಸಮ. ಒಮ್ಮೆ ಕಿತ್ತ ಸ್ಟಿಕ್ಕರ್ ರದ್ದಿ.

ಸಿಕ್ಕಿಬಿದ್ದರೆ ದಂಡ 200 ಫ್ರಾಂಕ್, ಅದರ ಮೇಲೆ ವಿನ್ಯೆಟ್ ಬೆಲೆ. ಒಟ್ಟು 240. ಪೊಲೀಸರು ತಡೆದ ಮೇಲೆ ಫೋನಿನಲ್ಲಿ ಕೊಂಡು ತೋರಿಸಿದರೆ ನಡೆಯುವುದಿಲ್ಲ.

ವರ್ಷದ ಲೆಕ್ಕ ಸ್ವಲ್ಪ ವಿಚಿತ್ರ, ಆದರೆ ನಿಮಗೇ ಲಾಭ. ಹಿಂದಿನ ಡಿಸೆಂಬರ್ 1ರಿಂದ ಮುಂದಿನ ಜನವರಿ 31ರವರೆಗೆ, ಅಂದರೆ 14 ತಿಂಗಳು. ಡಿಸೆಂಬರಿನಲ್ಲಿ ಹೋಗುವವರು ಬರುವ ವರ್ಷದ್ದನ್ನೇ ಆರಿಸಬೇಕು. ಹಳೆಯದನ್ನು ಒತ್ತಿದರೆ ಎರಡೇ ತಿಂಗಳಿಗೆ ಅದೇ 40 ಹೋಗುತ್ತದೆ.

ಈ ಸೇವೆಯ ದೊಡ್ಡ ಕೊರತೆ ಅಲ್ಪಾವಧಿಯ ವಿನ್ಯೆಟ್ ಇಲ್ಲದಿರುವುದು. ಪಕ್ಕದ ಆಸ್ಟ್ರಿಯಾದಲ್ಲಿ 1 ದಿನದ್ದು, 10 ದಿನದ್ದು ಸಿಗುತ್ತದೆ. ಇಲ್ಲಿ ಅರ್ಧ ಗಂಟೆ ಹೆದ್ದಾರಿಯಲ್ಲಿ ಓಡಿಸಿದರೂ ಇಡೀ ವರ್ಷದ ದುಡ್ಡು. ಆದರೂ ಇಟಲಿ ಕಡೆಯ ಕಿಯಾಸ್ಸೋದಿಂದ ಜರ್ಮನ್ ಗಡಿಯ ಬಾಸೆಲ್‌ವರೆಗೆ ಹೋಗುವವರಿಗೆ ದುಬಾರಿ ಅನ್ನಲಾಗದು. 16.9 ಕಿಲೋಮೀಟರ್ ಉದ್ದದ ಗೊಥಾರ್ಡ್ ಸುರಂಗಕ್ಕೆ ಬೇರೆ ಶುಲ್ಕವಿಲ್ಲ, ಸ್ಯಾನ್ ಬರ್ನಾರ್ಡಿನೋಗೂ ಇಲ್ಲ. ಫ್ರಾನ್ಸ್–ಇಟಲಿ ನಡುವಿನ ಮಾಂಟ್ ಬ್ಲಾಂಕ್ ಸುರಂಗದಲ್ಲಿ ಒಂದು ಬದಿಗೇ 50 ಯೂರೋ ಮೀರುತ್ತದೆ. ಗ್ರೇಟ್ ಸೇಂಟ್ ಬರ್ನಾರ್ಡ್ ಸುರಂಗ ಮತ್ತು ಇಟಲಿಯ ಲಿವಿನ್ಯೊಗೆ ಹೋಗುವ ಮುಂಟ್ ಲಾ ಶೇರಾ ಸುರಂಗಕ್ಕೆ ಮಾತ್ರ ವಿನ್ಯೆಟ್ ಇದ್ದರೂ ಪ್ರತ್ಯೇಕ ಟೋಲ್. ಕ್ಯಾರವಾನ್ ಎಳೆದುಕೊಂಡು ಹೋಗುವವರು ಅದಕ್ಕೂ ಇನ್ನೊಂದು ವಿನ್ಯೆಟ್ ಕೊಳ್ಳಬೇಕು.

ಕೊಳ್ಳದೆ ಹೋಗುವುದೂ ಸಾಧ್ಯ, ಹೆದ್ದಾರಿ ಹತ್ತದಿದ್ದರೆ ಸರಿ. ಆದರೆ ಬೋರ್ಡಿನ ಬಣ್ಣ ತಿಳಿದಿರಬೇಕು: ಸ್ವಿಟ್ಜರ್‌ಲ್ಯಾಂಡಿನಲ್ಲಿ ಹೆದ್ದಾರಿಯ ಬೋರ್ಡು ಹಸಿರು, ಉಳಿದ ಮುಖ್ಯ ರಸ್ತೆಗಳದ್ದು ನೀಲಿ. ಜರ್ಮನಿಯಿಂದ ಬರುವವರಿಗೆ ನೀಲಿ ಎಂದರೆ ಹೆದ್ದಾರಿ, ಅಭ್ಯಾಸಬಲದಿಂದ ಹಸಿರಿನ ಕಡೆ ತಿರುಗಿಬಿಡುತ್ತಾರೆ. ಮ್ಯಾಪಿನಲ್ಲಿ ಟೋಲ್ ತಪ್ಪಿಸುವ ಆಯ್ಕೆಯೊಂದನ್ನೇ ನೆಚ್ಚಿಕೊಳ್ಳದೆ ಹೆದ್ದಾರಿ ತಪ್ಪಿಸುವ ಆಯ್ಕೆ ಹಾಕಿ. ಅಂಥ ಒಳರಸ್ತೆಯಲ್ಲಿ ಮಿತಿ 80, ಊರೊಳಗೆ 50. ಊರೊಳಗೆ 6ರಿಂದ 10 ಕಿಲೋಮೀಟರ್ ಮೀರಿದರೆ ದಂಡ 120 ಫ್ರಾಂಕ್, 11ರಿಂದ 15 ಮೀರಿದರೆ 250. ವಿನ್ಯೆಟ್ ಉಳಿಸಲು ಹೋಗಿ ಒಂದೇ ಕ್ಯಾಮೆರಾಕ್ಕೆ ಮೂರು ವಿನ್ಯೆಟ್ ದುಡ್ಡು ತೆತ್ತಂತಾಗುತ್ತದೆ. ಬಾಡಿಗೆ ಕಾರಾದರೆ ನಿಮ್ಮ ವಿಳಾಸ ಪೊಲೀಸರಿಗೆ ಕೊಟ್ಟಿದ್ದಕ್ಕೆ ಕಂಪನಿಯವರು ಹಾಕುವ ಶುಲ್ಕ ಬೇರೆ.