ತಾಳಮದ್ದಲೆ ರೆಕಾರ್ಡಿಂಗ್‌ಗೆ ಫ್ಲಾಕ್: ಮೂರು ಮಳೆಗಾಲ ಬಳಸಿದ ಮೇಲೆ

ನಮ್ಮದು ಸಾಗರದ ಹತ್ತಿರದ ಹಳ್ಳಿ. ಆಷಾಢದ ಹೊತ್ತಿಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿರುತ್ತವೆ, ಮನೆ ಜಗಲಿಗಳಲ್ಲಿ ವೇಷ ಕಟ್ಟದೆ ಕೂತು ಹಾಡು-ಮಾತಿನಲ್ಲೇ ನಡೆಸುವ ತಾಳಮದ್ದಲೆ ಶುರುವಾಗುತ್ತದೆ. ನಾನು ರೆಕಾರ್ಡರ್ ಹಿಡಿದು ಹೋಗುತ್ತೇನೆ.

ಮೊದಲು ಫೋನಿನ ಒಂದು ಆ್ಯಪ್‌ನಲ್ಲಿ ರೆಕಾರ್ಡ್ ಮಾಡುತ್ತಿದ್ದೆ. ಅದು ತನ್ನದೇ ಒಂದು ಫಾರ್ಮ್ಯಾಟ್‌ನಲ್ಲಿ ಫೈಲ್ ಉಳಿಸುತ್ತಿತ್ತು. ಆ್ಯಪ್ ನಿಂತುಹೋಯಿತು. ದೊಡ್ಡಪ್ಪ ಕರ್ಣನ ಅರ್ಥ ಹೇಳಿದ ರಾತ್ರಿ ಅದರೊಳಗೇ ಉಳಿಯಿತು, ಬೇರೆ ಯಾವುದರಲ್ಲೂ ತೆರೆಯಲಿಲ್ಲ. ದೊಡ್ಡಪ್ಪ ಈಗಿಲ್ಲ. ಅಂದಿನಿಂದ ಏನೇ ಬಳಸುವ ಮುಂಚೆ ಲೈಸೆನ್ಸ್ ಓದುತ್ತೇನೆ.

ಈಗ ಬಳಸುವುದು ಫ್ಲಾಕ್, ದನಿ ಕಳೆಯದೆ ಕುಗ್ಗಿಸಿ ಉಳಿಸುವ ಆಡಿಯೊ ಫಾರ್ಮ್ಯಾಟ್. ಅದು 2001ರಿಂದ ಇದೆ, 2003ರಿಂದ ಮುಕ್ತ ಫಾರ್ಮ್ಯಾಟ್‌ಗಳನ್ನು ನೋಡಿಕೊಳ್ಳುವ ಕ್ಸಿಫ್ ಸಂಸ್ಥೆಯ ಆಸರೆಯಲ್ಲಿದೆ. ಅದರ ಲೈಬ್ರರಿಗೆ, ಅಂದರೆ ಬೇರೆಯವರು ತಮ್ಮ ಆ್ಯಪ್‌ನೊಳಗೆ ಸೇರಿಸಿಕೊಳ್ಳುವ ಕೋಡಿಗೆ, ಬಿಎಸ್‌ಡಿ ಅನ್ನುವ ಲೈಸೆನ್ಸ್. ಓದಲು ಐದು ನಿಮಿಷ ಸಾಕು. ಕೋಡ್ ಹಂಚುವಾಗ ಹಕ್ಕುಸ್ವಾಮ್ಯದ ಸಾಲುಗಳನ್ನು ಅಳಿಸಬೇಡಿ, ಕ್ಸಿಫ್ ಹೆಸರು ಹೇಳಿಕೊಂಡು ನಿಮ್ಮ ಸರಕಿಗೆ ಪ್ರಚಾರ ಮಾಡಬೇಡಿ, ಏನಾದರೂ ಕೆಟ್ಟರೆ ನಾವು ಹೊಣೆಯಲ್ಲ. ಇಷ್ಟೇ. ನಿಮ್ಮ ಆ್ಯಪ್ ಮಾರಿಕೊಳ್ಳಬಹುದು, ನಿಮ್ಮ ಕೋಡ್ ತೋರಿಸಲೇಬೇಕು ಅಂತಿಲ್ಲ. ಆದರೆ 'ಫ್ಲಾಕ್' ಅನ್ನುವ ಕಮಾಂಡ್ ಪ್ರೋಗ್ರಾಂಗೆ ಜಿಪಿಎಲ್ ಅನ್ನುವ ಬೇರೆ ಲೈಸೆನ್ಸ್: ಅದನ್ನು ತಿದ್ದಿ ಹಂಚಿದರೆ ತಿದ್ದಿದ ಕೋಡನ್ನೂ ಕೊಡಬೇಕು. ಸುಮ್ನೆ ಬಳಸುವವರಿಗೆ ಇದು ತಾಗುವುದೇ ಇಲ್ಲ. ಎಂಪಿತ್ರೀ ವಿಷಯ ಹಾಗಿರಲಿಲ್ಲ, 2017ರವರೆಗೆ ಎಂಪಿತ್ರೀ ಫೈಲ್ ಮಾಡುವ ಎನ್‌ಕೋಡರ್ ಮಾರುವವರು ಪೇಟೆಂಟ್ ಶುಲ್ಕ ಕಟ್ಟಬೇಕಿತ್ತು.

ನನಗೆ ಎಲ್ಲಕ್ಕಿಂತ ಸಮಾಧಾನ ಕೊಟ್ಟದ್ದು ಬೇರೆ. 2024ರಲ್ಲಿ ಫಾರ್ಮ್ಯಾಟ್‌ನ ಪೂರ್ತಿ ವಿವರ ಆರ್‌ಎಫ್‌ಸಿ 9639 ಆಗಿ, ಅಂದರೆ ಯಾರು ಬೇಕಾದರೂ ಓದಬಹುದಾದ ಇಂಟರ್ನೆಟ್ ಮಾನದಂಡದ ದಾಖಲೆಯಾಗಿ, ಹೊರಬಂತು. ನಾಳೆ ಇರುವ ಪ್ಲೇಯರ್‌ಗಳೆಲ್ಲ ಹೋದರೂ ಅದನ್ನು ಓದಿ ಹೊಸದೊಂದು ಬರೆಯಬಹುದು. ದೊಡ್ಡಪ್ಪನ ಫೈಲಿಗೆ ಆ ದಾರಿ ಇರಲಿಲ್ಲ.

ಬಳಕೆಯ ಮಾತಿಗೆ ಬಂದರೆ, ಸಿಡಿ ಗುಣಮಟ್ಟದ ಒಂದು ಗಂಟೆಯ, ಕುಗ್ಗಿಸದ ವೇವ್ ಫೈಲ್ ಸುಮಾರು 635 ಎಂಬಿ. ಫ್ಲಾಕ್ ಅದನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ, ದನಿ ಒಂದಿಷ್ಟೂ ಕಳೆಯುವುದಿಲ್ಲ. ಆದರೆ ತಗಡಿನ ಮಾಡಿನ ಮೇಲೆ ಮಳೆ ಜೋರಾಗಿ ಹೊಯ್ದ ರಾತ್ರಿ ಫೈಲ್ ದಪ್ಪವಾಗುತ್ತದೆ! ಮಳೆಯ ಸದ್ದಿಗೆ ಲಯವಿಲ್ಲ, ಮುಂದಿನದನ್ನು ಊಹಿಸಿ ಕುಗ್ಗಿಸಲು ಅದಕ್ಕೆ ಆಗುವುದಿಲ್ಲ. ಕಾರ್ತಿಕದಲ್ಲಿ ಅದೇ ಜಗಲಿಯ ಕೂಟ ಕಡಿಮೆ ಜಾಗ ಹಿಡಿಯುತ್ತದೆ.

ಕೊರತೆಯೂ ಇದೆ. ನಮ್ಮ ಹಳೇ ಕಾರಿನ ಸ್ಟೀರಿಯೊ ಇದನ್ನು ಹಾಡಿಸುವುದಿಲ್ಲ. ಊರಿನ ನೆಟ್‌ವರ್ಕ್‌ನಲ್ಲಿ ಕಳಿಸಲು ಭಾರ ಜಾಸ್ತಿ. ಕಳಿಸಲು ಓಪಸ್‌ಗೆ ಬದಲಿಸುತ್ತೇನೆ, ಅದು ದನಿ ಸ್ವಲ್ಪ ಬಿಟ್ಟುಕೊಟ್ಟು ಫೈಲ್ ತೀರಾ ಚಿಕ್ಕದು ಮಾಡುವ ಫಾರ್ಮ್ಯಾಟ್, ಅದೂ ಮುಕ್ತವೇ. 64 ಕೆಬಿಪಿಎಸ್‌ನಲ್ಲಿ ಗಂಟೆಗೆ 29 ಎಂಬಿ ಸಾಕು, ಮಾತು ಸ್ಪಷ್ಟ.

ಮೊನ್ನೆ ಕೂಟದಲ್ಲಿ ಪದ ಹಾಡುವ ಭಾಗವತರು ಕೇಳಿದರು, "ಹಾಗಾದ್ರೆ ನನ್ನ ಪದವೂ ಫ್ರೀ ಆಯ್ತಾ ಮಾರಾಯ?"

"ಇಲ್ಲ ಭಾಗವತರೇ, ಫ್ರೀ ಇರೋದು ಡಬ್ಬಿ. ಒಳಗಿರೋ ಪದ ನಿಮ್ಮದೇ."

ಅವರು ಹೂಂ ಅಂದ ಮೇಲೆಯೇ ಆ ರಾತ್ರಿಯ ಫೈಲ್ ಗುಂಪಿಗೆ ಕಳಿಸಿದೆ.