.32 ಅಂದರೆ ಎಲ್ಲವೂ ಒಂದೇ .32 ಅಲ್ಲ: ರಿವಾಲ್ವರ್ ಕೊಳ್ಳುವವರು ಹಣ ಕೊಡುವ ಮೊದಲು ಓದಿ

ಮನೆ ಕಾವಲಿಗೆ ಅಂತ ಮೊದಲ ಸಲ ರಿವಾಲ್ವರ್ ಕೊಳ್ಳಲು ಹೊರಟವರು ದಯವಿಟ್ಟು ಇದನ್ನು ಓದಿ. .32 ಅನ್ನುವುದು ಗುಂಡಿನ ದಪ್ಪದ ಸುಮಾರು ಅಳತೆ, ಇಂಚಿನಲ್ಲಿ. ಲೈಸೆನ್ಸ್ ಕೈಗೆ ಬಂದಿದೆ, ಈಗ ಅಂಗಡಿ ಹುಡುಕುತ್ತಿದ್ದೇವೆ ಅನ್ನುವವರು ಇನ್ನೂ ಗಮನ ಕೊಟ್ಟು ಓದಿ. ನಾನು 70,000 ರೂಪಾಯಿ ಎಣಿಸಿ ಕೊಟ್ಟು, ಒಂದೇ ಒಂದು ತೋಟೆಯನ್ನೂ (ಗುಂಡು, ಮದ್ದು ಸೇರಿದ ಕವಚ) ಹಾಕಲಾಗದ ಕಬ್ಬಿಣವನ್ನು ಮನೆಗೆ ತಂದಿದ್ದೇನೆ. ಅದು ಅಷ್ಟಕ್ಕೇ ನಿಂತಿದ್ದರೆ ಹಣ ಹೋಯಿತು ಅಂತ ಸುಮ್ಮನಿರುತ್ತಿದ್ದೆ. ಆಮೇಲೆ ಅಂಗಡಿಯವರು ಹೇಳಿದ ಮಾತು ಕೇಳಿದ್ದರೆ ನನ್ನ ಕೈಯೋ, ನನ್ನ ಹೆಂಡತಿಯ ಕೈಯೋ ಹೋಗುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಮೂಡಿಗೆರೆ ಕಡೆ ಸಣ್ಣ ಎಸ್ಟೇಟ್. ಪಕ್ಕದ ಮನೆ ಅಂದರೆ ಒಂದೂವರೆ ಕಿಲೋಮೀಟರ್. ಎರಡು ವರ್ಷದ ಹಿಂದೆ ಕಣದಲ್ಲಿ ಒಣಗಲು ಹಾಕಿದ್ದ ಕಾಳುಮೆಣಸನ್ನು ರಾತ್ರೋರಾತ್ರಿ ಹೊತ್ತುಕೊಂಡು ಹೋದರು. ನಾಯಿಗಳಿಗೆ ಏನೋ ತಿನ್ನಿಸಿದ್ದರು. ಅವತ್ತು ಮನೆಯಲ್ಲಿ ಅಮ್ಮ, ಹೆಂಡತಿ ಇಬ್ಬರೇ. ಅಪ್ಪನ ಜೋಡುನಳಿಗೆ ಕೋವಿ ಅವರು ತೀರಿಕೊಂಡ ಮೇಲೆ ತಮ್ಮನ ಹೆಸರಿಗೆ ಹೋಗಿತ್ತು. ನಾನು ಸ್ವರಕ್ಷಣೆಗೆ ಅಂತ ಅರ್ಜಿ ಹಾಕಿದೆ. ತರಬೇತಿ ಸರ್ಟಿಫಿಕೇಟ್, ಠಾಣೆಯ ವರದಿ, ಡಿಸಿ ಆಫೀಸಿನ ಓಡಾಟ, ಎಲ್ಲ ನಿಮಗೆ ಗೊತ್ತಿರುವುದೇ. ಒಂದು ವರ್ಷಕ್ಕಿಂತ ಜಾಸ್ತಿ ಹಿಡಿಯಿತು.

ರಿವಾಲ್ವರ್ ಯಾಕೆ, ಕೋವಿ ಸಾಕಲ್ವಾ ಅಂತ ತಮ್ಮ ಕೇಳಿದ. ಹನ್ನೆರಡು ಬೋರಿನ ಕೋವಿಯ ಒದೆತ ನನ್ನ ಹೆಂಡತಿಯ ಭುಜ ತಡೆಯುವುದಿಲ್ಲ. ಅವಳೂ ತರಬೇತಿ ಮುಗಿಸಿದ್ದಾಳೆ, ಅವಳ ಅರ್ಜಿಯೂ ಹೋಗುವುದಿತ್ತು. ಚಿಕ್ಕದು, ಹಗುರದ್ದು ಇರಲಿ ಅನ್ನುವುದು ನನ್ನ ಲೆಕ್ಕ. .38, 9 ಎಂಎಂ ಎಲ್ಲ ನಮ್ಮಂಥವರಿಗೆ ನಿಷೇಧ. ಸುಲಭವಾಗಿ ಸಿಗುವುದು .32, ಇಲ್ಲವೇ .22. ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ಎಲ್ಲರಿಗೂ ಗೊತ್ತು. ಹೆಂಗಸರಿಗೆ ಅಂತಲೇ 2014ರಲ್ಲಿ ಅರ್ಧ ಕಿಲೋ ತೂಕದ ನಿರ್ಭೀಕ್ ಕೂಡ ಬಂದಿತ್ತು. ಆದರೆ ಅದರ ಬೆಲೆ ಆಗಲೇ 1.22 ಲಕ್ಷ. ಆ ವರ್ಷ ಮಳೆಗೆ ಕಾಫಿ ಉದುರಿ ನಮ್ಮ ಕೈ ಖಾಲಿ. ಅಷ್ಟು ಹಣ ನನ್ನಿಂದ ಆಗುತ್ತಿರಲಿಲ್ಲ.

ಹಾಗಾಗಿ ಹಳೆಯ ಮಾಲು ನೋಡಲು ಬೆಂಗಳೂರಿಗೆ ಹೋದೆ. ಅಂಗಡಿಯ ಹೆಸರು ಬರೆಯುವುದಿಲ್ಲ. ಲೈಸೆನ್ಸ್ ಇರುವ, ಬೋರ್ಡ್ ಹಾಕಿಕೊಂಡ ಅಂಗಡಿಯೇ. ಕುರ್ಚಿ ಹಾಕಿ ಕೂರಿಸಿದರು, ಕಾಫಿ ತರಿಸಿದರು. ಮೂಡಿಗೆರೆ ಅಂದ ಕೂಡಲೇ "ಓ, ಪ್ಲಾಂಟರ್ಸು" ಅಂದರು. ಎರಡು ಸರ್ಕಾರಿ ಮಾಲು ತೋರಿಸಿ, ಅವನ್ನು ಅವರೇ ಬೈದು ಬದಿಗಿಟ್ಟರು. ಆಮೇಲೆ ಒಳಗಿನಿಂದ ಬಟ್ಟೆಯಲ್ಲಿ ಸುತ್ತಿದ್ದ ಇದನ್ನು ತಂದರು.

"ಗೌಡ್ರೇ, ಇದು ಬೆಲ್ಜಿಯಂ ಮಾಲು. ಈಗ ಸಿಗಲ್ಲ. ಸರ್ಕಾರಿ ಮಾಲಿನ ಟ್ರಿಗರ್ ಎಳೆಯೋಕೆ ಎರಡು ಬೆರಳು ಬೇಕು. ಇದನ್ನ ನೋಡಿ, ಬೆಣ್ಣೆ. ಮೇಡಂ ಕೈಗೂ ಸರಿಹೋಗುತ್ತೆ."

ನಿಜವಾಗಿಯೂ ಚೆನ್ನಾಗಿತ್ತು. ಅಂಗೈಯಲ್ಲಿ ಕೂರುವಷ್ಟು ಚಿಕ್ಕದು. ಐದು ಈಡಿನದು, ಅಂದರೆ ಒಮ್ಮೆಗೆ ಐದು ತೋಟೆ ತುಂಬುವಂಥದ್ದು. ನಮ್ಮ ಜೋಡುನಳಿಗೆಯ ಹಾಗೆ ನಳಿಗೆ ಮಡಚಿ ತೆರೆಯುವ ಬಗೆ. ಚಿಕ್ಕಂದಿನಿಂದ ಅಪ್ಪನ ಕೋವಿ ಮಡಚುವುದನ್ನು ನೋಡಿ ಬೆಳೆದವನು ನಾನು. ಅದನ್ನು ಮಡಚಿದಾಗ ಬಂದ ಟಕ್ ಅನ್ನುವ ಸದ್ದಿಗೇ ನನ್ನ ಮನಸ್ಸು ಸೋತಿತು. ನಳಿಗೆಯ ಮೇಲೆ .32 ಅಂತ ಇತ್ತು. ತೋಟೆ ತುಂಬುವ, ತಿರುಗುವ ಸಿಲಿಂಡರಿನ ಮೇಲೆ ಮೊಟ್ಟೆಯಾಕಾರದ ಒಂದು ಮುದ್ರೆ, ಒಳಗೆ ಇ ಎಲ್ ಜಿ ಅಂತ ಮೂರು ಅಕ್ಷರ. "ಇದೇ ಕಂಪನಿ" ಅಂದರು. ನಾನು ತಲೆಯಾಡಿಸಿದೆ.

ಇಲ್ಲಿ ಒಂದು ಮಾತು. ನಾನು ಕೇಳಬೇಕಾದ್ದನ್ನು ಕೇಳಿದ್ದೆ. ಕೇಳದೆ ಮೋಸಹೋದೆ ಅಂತ ದಯವಿಟ್ಟು ಯಾರೂ ಹೇಳಬೇಡಿ. "ಇದಕ್ಕೆ ತೋಟೆ ಸಿಗುತ್ತಾ?" ಅಂತ ಸ್ಪಷ್ಟವಾಗಿ ಕೇಳಿದೆ.

"ಯಾಕೆ ಸಿಗಲ್ಲ? .32 ಅಲ್ವಾ! ಎಲ್ಲಿ ಹೋದ್ರೂ ಸಿಗುತ್ತೆ. ನನ್ನ ಹತ್ರ ಇವತ್ತು ಸ್ಟಾಕ್ ಇಲ್ಲ ಅಷ್ಟೆ. ಊರ ಕಡೆನೇ ತಗೊಳ್ಳಿ."

ಸ್ಟಾಕ್ ಇಲ್ಲ ಅಷ್ಟೆ. ಈ ಮಾತು ಈಗಲೂ ರಾತ್ರಿ ಕಿವಿಯಲ್ಲಿ ಕೇಳುತ್ತದೆ. ಅಂಗಡಿಯಲ್ಲಿ ಒಂದು ತೋಟೆ ಇದ್ದಿದ್ದರೆ ಅಲ್ಲೇ ಗುಟ್ಟು ರಟ್ಟಾಗುತ್ತಿತ್ತು. ಹಣ ಕೊಟ್ಟೆ. ಲೈಸೆನ್ಸಿನಲ್ಲಿ ನಂಬರ್ ಬರೆಸಿದೆ. ಬಿಲ್ಲಿನಲ್ಲಿ ".32 ರಿವಾಲ್ವರ್, ಹಳೆಯದು, ಇದ್ದ ಸ್ಥಿತಿಯಲ್ಲಿ" ಅಂತ ಇದ್ದದ್ದನ್ನು ಓದಿದೆ, ಅದರ ಅರ್ಥ ಮಾತ್ರ ಹೊಳೆಯಲಿಲ್ಲ.

ಹತ್ತು ದಿನದ ಮೇಲೆ ಬೇರೆ ಊರಿನ ಅಂಗಡಿಯಿಂದ 25 ತೋಟೆ ತಂದೆ. ಕೆ ಎಫ್ ಮುದ್ರೆಯ ಸರ್ಕಾರಿ ತೋಟೆ, ಎಲ್ಲರೂ ಹಾಕುವುದೇ. ರಾತ್ರಿ ಊಟವಾದ ಮೇಲೆ ಮೇಜಿನ ಮೇಲೆ ಬಟ್ಟೆ ಹಾಸಿ ಕುಳಿತೆವು. ಹೆಂಡತಿ ಪಕ್ಕದಲ್ಲಿದ್ದಳು, ಅಮ್ಮ ಬಾಗಿಲಲ್ಲಿ ನಿಂತಿದ್ದರು. ರಿವಾಲ್ವರ್ ಮಡಚಿ ಮೊದಲ ತೋಟೆ ಇಳಿಸಿದೆ. ಇಳಿಯಿತು, ಇಳಿಯಿತು, ನಿಂತಿತು. ಹಿಂಭಾಗ ಸಿಲಿಂಡರಿನಿಂದ ಹೊರಗೇ ಉಳಿಯಿತು. ನಾನು ಬೆರಳಿನಿಂದ ಒತ್ತಿದೆ. ಇಲ್ಲ.

"ರೀ, ಬೇರೆ ತೂತಿಗೆ ಹಾಕಿ ನೋಡಿ."

ಹಾಕಿದೆ. ಐದಕ್ಕೂ ಹಾಕಿದೆ. ಐದರಲ್ಲೂ ಅಲ್ಲಿಗೇ ನಿಂತಿತು. ಬೇರೆ ತೋಟೆ ತೆಗೆದು ಹಾಕಿದೆ. ಅದೂ ಹಾಗೇ. ಮುಚ್ಚಲು ಹೋದರೆ ಮುಚ್ಚುವುದಿಲ್ಲ. ಅಮ್ಮ ಏನೂ ಮಾತಾಡದೆ ಒಳಗೆ ಹೋದರು. ಹೆಂಡತಿ ನನ್ನ ಮುಖ ನೋಡಲಿಲ್ಲ. ಕೋವಿ ಇರುವ ಮನೆಯಲ್ಲಿ ಹುಟ್ಟಿ, 45 ವರ್ಷದವನಾಗಿ, ನನ್ನ ಕೈಗೆ ಬಂದದ್ದು ಏನು ಅಂತ ನನಗೇ ಗೊತ್ತಿಲ್ಲ. ಅವತ್ತಿನಷ್ಟು ನಾಚಿಕೆ ನನಗೆ ಯಾವತ್ತೂ ಆಗಿಲ್ಲ.

ಮರುದಿನ ತಮ್ಮನ ಜೊತೆ, ಲೈಸೆನ್ಸ್ ಇರುವ ಕೋವಿ ರಿಪೇರಿಯವರೊಬ್ಬರ ಹತ್ತಿರ ಹೋದೆ. ವಯಸ್ಸಾದವರು. ನೋಡಿದ ಕೂಡಲೇ "ಯಾರು ಕೊಟ್ರು ಮಾರಾಯ್ರೇ ಇದನ್ನ?" ಅಂದರು. ವರ್ನಿಯರ್ ಅಳತೆಗೋಲು ಇಟ್ಟು ಅಳೆದು ತೋರಿಸಿದರು. .32 ಅನ್ನುವ ಹೆಸರಿನಲ್ಲಿ ಬೇರೆಬೇರೆ ತೋಟೆಗಳಿವೆ. ಸ್ಮಿತ್ ಅಂಡ್ ವೆಸನ್ ಕಂಪನಿ 1878ರಲ್ಲಿ ತಂದದ್ದು ಶಾರ್ಟ್. ಅದರ ಹಿತ್ತಾಳೆ ಕವಚದ ಉದ್ದ ಸುಮಾರು 15.5 ಮಿಲಿಮೀಟರ್. 1896ರಲ್ಲಿ ಬಂದದ್ದು ಲಾಂಗ್, ಅದರದ್ದು 23.4. ನಮ್ಮ ಸರ್ಕಾರಿ ರಿವಾಲ್ವರಿಗೆ ಹಾಕುವುದು ಲಾಂಗ್. ನನ್ನದು ಶಾರ್ಟಿನದು. ದಪ್ಪ ಒಂದೇ, ಉದ್ದದಲ್ಲಿ ಎಂಟು ಮಿಲಿಮೀಟರ್ ವ್ಯತ್ಯಾಸ. ಆ ಎಂಟು ಮಿಲಿಮೀಟರಿಗೆ ನನ್ನ 70,000 ಹೋಯಿತು.

ಇ ಎಲ್ ಜಿ ಅನ್ನುವುದು ಕಂಪನಿಯೇ ಅಲ್ಲವಂತೆ. ಬೆಲ್ಜಿಯಂನ ಲಿಯೇಜ್ ಊರಿನ ಪರೀಕ್ಷಾಲಯದ ಮುದ್ರೆ ಅದು. ಆ ಊರಿನಲ್ಲಿ ಯಾರು ಮಾಡಿದ ಬಂದೂಕಿಗೂ ಬೀಳುತ್ತಿತ್ತು. ನನ್ನದು ಕರಿಮದ್ದಿನ ಕಾಲದ, ಅಂದರೆ ಕಡಿಮೆ ಒತ್ತಡದ ಹಳೆಯ ಮದ್ದಿನ ಕಾಲದ ಮಾಲು, ನೂರು ವರ್ಷ ದಾಟಿದೆ ಅಂದರು. ಯೋಚಿಸಿದರೆ ಗೊತ್ತಾಗಬೇಕಿತ್ತು. ಸಾಮಾನ್ಯ ಜನರಿಗೆ ಹೊರದೇಶದ ರಿವಾಲ್ವರ್ ಆಮದು 1980ರ ದಶಕದ ನಡುವೆಯೇ ನಿಂತಿದೆ. ಅಂಗಡಿಯಲ್ಲಿ "ಫಾರಿನ್" ಅಂತ ತೋರಿಸುವುದು ಸಾಮಾನ್ಯವಾಗಿ ನಲವತ್ತು ವರ್ಷದ ಹಳೆಯದು. ಒಳ್ಳೆ ಹೆಸರಿನದು ಆದರೆ ಲಕ್ಷಗಟ್ಟಲೆ ಹೇಳುತ್ತಾರೆ. 70,000ಕ್ಕೆ ಯಾಕೆ ಕೊಡುತ್ತಾರೆ? ಈ ಪ್ರಶ್ನೆ ಅವತ್ತು ನನಗೆ ಹೊಳೆಯಲಿಲ್ಲ. ಶಾರ್ಟ್ ತೋಟೆ ಎಲ್ಲಾದರೂ ಇದೆಯಾ ಅಂತ ಆರು ಅಂಗಡಿಗೆ ಫೋನ್ ಮಾಡಿದೆ. ಒಬ್ಬರ ಹತ್ತಿರವೂ ಇಲ್ಲ.

ಈಗ ಅಂಗಡಿಯವರ ಉತ್ತರಗಳನ್ನು ಕೇಳಿ. ಮೊದಲ ಫೋನಿಗೆ, "ಸ್ವಲ್ಪ ಗಟ್ಟಿಯಾಗಿ ಒತ್ತಿ ಗೌಡ್ರೇ, ಹಳೇ ಮಾಲು, ತುಕ್ಕು ಇರುತ್ತೆ." ತೋಟೆಯನ್ನು ಗಟ್ಟಿಯಾಗಿ ಒತ್ತಬೇಕಂತೆ! ಅಳತೆ ಹೇಳಿದ ಮೇಲೆ ಎರಡನೇ ಉತ್ತರ, "ಹಾಗಾದ್ರೆ ಆ ತೂತುಗಳನ್ನ ಒಂಚೂರು ಕೊರೆಸಿಬಿಡಿ, ಯಾರಾದ್ರೂ ಮಾಡಿಕೊಡ್ತಾರೆ." ರಿಪೇರಿಯವರು ಆಗಲೇ ಹೇಳಿದ್ದರು, ಕೊರೆದರೂ ಪ್ರಯೋಜನವಿಲ್ಲ, ಲಾಂಗ್ ತೋಟೆ ಇಡೀ ಸಿಲಿಂಡರಿಗಿಂತಲೇ ಉದ್ದ, ಮುಂದೆ ಗುಂಡು ಹೊರಗೆ ಚಾಚಿ ಸಿಲಿಂಡರ್ ತಿರುಗುವುದೇ ಇಲ್ಲ ಅಂತ.

ಮೂರನೆಯದು ವಾಟ್ಸಾಪಿನಲ್ಲಿ ಬಂದ ದನಿ. "ಟೆನ್ಶನ್ ಮಾಡ್ಕೋಬೇಡಿ ಸಾರ್. ಪಿಸ್ತೂಲಿನ ತೋಟೆ ಹಾಕಿ ನೋಡಿ. ಅದು ಗಿಡ್ಡ ಇರುತ್ತೆ. ಅದೂ .32 ತಾನೆ?"

ಇದನ್ನು ರಿಪೇರಿಯವರಿಗೆ ಕೇಳಿಸಿದೆ. ಅವರ ಮುಖ ಕೆಂಪಾಯಿತು. ಪಿಸ್ತೂಲಿಗೆ ಹಾಕುವ .32 ಎಸಿಪಿ ತೋಟೆ ಗಿಡ್ಡ ನಿಜ. ಆದರೆ ಹೊಡೆದಾಗ ಒಳಗೆ ಏಳುವ ಅದರ ಒತ್ತಡ ಈ ಹಳೆ ಕಬ್ಬಿಣ ತಡೆಯುವುದಕ್ಕಿಂತ ತುಂಬಾ ಜಾಸ್ತಿ. ಕೆಲವು ಸವೆದ ಸಿಲಿಂಡರಿಗೆ ಅದು ಹೋಗಿ ಕೂತೂಬಿಡುತ್ತದೆ, ಅದೇ ಅಪಾಯ ಅಂದರು. ಹೊಡೆದರೆ ಸಿಲಿಂಡರ್ ಸೀಳಿ ಮುಖಕ್ಕೆ ಬರಬಹುದು. "ಇದನ್ನ ಹೇಳಿದವನಿಗೆ ಒಂದೋ ಗೊತ್ತಿಲ್ಲ, ಇಲ್ಲ ನಿಮ್ಮ ಜೀವದ ಮೇಲೆ ಕರುಣೆ ಇಲ್ಲ" ಅಂದರು. ನನಗೆ ಸಿಟ್ಟು ಬಂದದ್ದು ಆವಾಗ. ಹಣದ ಸಿಟ್ಟಲ್ಲ. ನನ್ನ ಹೆಂಡತಿ ಅದನ್ನು ಹಿಡಿದು ನಿಂತಿದ್ದನ್ನು ಕಣ್ಣಮುಂದೆ ಕಂಡೆ.

ವಾಪಸ್ ತಗೊಳ್ಳಿ ಅಂದೆ. "ನೀವೇ ನೋಡಿ, ಕೈಯಲ್ಲಿ ಹಿಡಿದು, ಒಪ್ಪಿ ತಗೊಂಡಿದ್ದು ಅಲ್ವಾ? ಲೈಸೆನ್ಸಿಗೆ ಏರಿದ ಮಾಲು ವಾಪಸ್ ಇಲ್ಲ." ವಾರ ಬಿಟ್ಟು ಅವರೇ ಫೋನ್ ಮಾಡಿದರು. "15,000ಕ್ಕೆ ತಗೋತೀನಿ. ನಿಮ್ಮ ಮೇಲಿನ ಗೌರವಕ್ಕೆ." ಗೌರವಕ್ಕಂತೆ. ಬೇರೆಯವರಿಗೆ ಮಾರಿ ಅಂತ ಕೆಲವರು ಹೇಳಿದರು. ಖಾಸಗಿಯಾಗಿ ಮಾರಬೇಕಾದರೆ ಡಿಸಿಗೋ ಠಾಣೆಗೋ ಬರೆದುಕೊಟ್ಟು 45 ದಿನ ಕಾಯಬೇಕು. ಅದನ್ನು ಮಾಡಬಹುದು. ಆದರೆ ನನಗೆ ಮಾಡಿದ ಮೋಸವನ್ನು ನಾನು ಇನ್ನೊಬ್ಬರಿಗೆ ಮಾಡಲೇ? ಅವರು ಯಾರೋ ಪಿಸ್ತೂಲಿನ ತೋಟೆ ಹಾಕಿ ಹೊಡೆದರೆ?

ಹೊಸಬರಾದರೆ ಹೊಸದನ್ನೇ ಕೊಳ್ಳಿ. ಹಣ ಸಾಲದಿದ್ದರೆ ಇನ್ನೊಂದು ಕೊಯ್ಲು ಕಾಯಿರಿ. ಹಳೆಯದೇ ಬೇಕೆಂದರೆ ಅಂಗಡಿಯವರೇ ನಿಮ್ಮ ಎದುರು ತೋಟೆ ಹಾಕಿ, ಮುಚ್ಚಿ, ತೆಗೆದು ತೋರಿಸಲಿ. ಸ್ಟಾಕ್ ಇಲ್ಲ ಅಂದರೆ ಎದ್ದು ಬನ್ನಿ. ಸ್ಟಾಕ್ ಬಂದ ದಿನ ಹೋಗಿ. ಬಿಲ್ಲಿನಲ್ಲಿ ಬರೀ .32 ಅಂತ ಬರೆಸಬೇಡಿ, ತೋಟೆಯ ಪೂರ್ತಿ ಹೆಸರು (.32 ಸ್ಮಿತ್ ಅಂಡ್ ವೆಸನ್ ಲಾಂಗ್ ಅನ್ನುವ ಹಾಗೆ) ಬರೆಸಿ. ಕೋವಿ ಬಲ್ಲವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ನಾನು ತಮ್ಮನನ್ನು ಕರೆದೊಯ್ಯಲಿಲ್ಲ, ಅವನು ಬೇಡ ಅನ್ನುತ್ತಾನೆ ಅಂತ. ಬೇಡ ಅನ್ನುವವರನ್ನೇ ಕರೆದುಕೊಂಡು ಹೋಗಿ.

ಬರುವ ವಾರ ಚಿಕ್ಕಮಗಳೂರಿನಲ್ಲಿ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತಿದ್ದೇನೆ. ಆ ವಾಟ್ಸಾಪ್ ದನಿಯನ್ನು ಅಳಿಸಬೇಡಿ ಅಂತ ವಕೀಲರು ಹೇಳಿದ್ದಾರೆ. ರಿವಾಲ್ವರ್ ಬೀರುವಿನಲ್ಲಿ ಬೀಗದೊಳಗಿದೆ. ಅಜ್ಜನ ಕಾಲದ, ನಳಿಗೆ ಮಡಚುವ, ಐದು ಈಡಿನ ಇಂಥ ಚಿಕ್ಕ .32 ನಿಮ್ಮ ಮನೆಯಲ್ಲೂ ಇದ್ದರೆ, ಪಿಸ್ತೂಲಿನ ತೋಟೆ ಅದರೊಳಗೆ ಸಲೀಸಾಗಿ ಇಳಿದರೂ ಹೊಡೆಯಬೇಡಿ. ಮೊದಲು ತಿಳಿದವರ ಹತ್ತಿರ ಅಳತೆ ಮಾಡಿಸಿ.