ಬೆಲ್ಟ್ ಮೇಲೆಯೇ ಸುಣ್ಣಕಲ್ಲಿನ ಪರೀಕ್ಷೆ: ಕ್ರಾಸ್ ಬೆಲ್ಟ್ ಅನಲೈಸರ್ ಹೇಗಿದೆ?

ವಾಡಿ, ಸೇಡಂ, ಚಿತ್ತಾಪುರ ಕಡೆಯ ಸಿಮೆಂಟ್ ಫ್ಯಾಕ್ಟರಿಗಳಿಗೆ ಕಲ್ಲಿಗೆ ಬರವಿಲ್ಲ. ತಲೆನೋವು ಕಲ್ಲಿನ ಜೊತೆ ಬರುವ ಎರೆಮಣ್ಣಿನದು. ಅದು ಬೆರೆತರೆ ಸಿಲಿಕಾ, ಅಲ್ಯೂಮಿನಾ ಎರಡೂ ಏರುತ್ತವೆ. ಕಚ್ಚಾ ಮಿಶ್ರಣದಲ್ಲಿ ಕ್ಯಾಲ್ಸಿಯಂ ಆಕ್ಸೈಡ್ 43, ಸಿಲಿಕಾ 13.5, ಅಲ್ಯೂಮಿನಾ 3.2, ಐರನ್ ಆಕ್ಸೈಡ್ 2.2 ಪರ್ಸೆಂಟ್ ಇದ್ದರೆ ಲೈಮ್ ಸ್ಯಾಚುರೇಷನ್ ಫ್ಯಾಕ್ಟರ್ (ಉಳಿದ ಮೂರಕ್ಕೆ ಸುಣ್ಣ ಎಷ್ಟು ಸಾಲುತ್ತದೆ ಎಂಬ ಅಳತೆ) ಅಂದರೆ ಎಲ್‌ಎಸ್‌ಎಫ್ 100. ಸಿಲಿಕಾ ಒಂದೇ 14 ಆಗಲಿ, ಎಲ್‌ಎಸ್‌ಎಫ್ 97ರ ಕೆಳಗೆ ಬೀಳುತ್ತದೆ. ತಾಸಿಗೊಂದು ಸ್ಯಾಂಪಲ್ ತಂದು, ಅರೆದು, ಪೆಲೆಟ್ (ಬಿಲ್ಲೆ) ಒತ್ತಿ, ಎಕ್ಸ್-ರೇಯಿಂದ ಧಾತು ಅಳೆಯುವ ಲ್ಯಾಬ್ ಯಂತ್ರವಾದ ಎಕ್ಸ್‌ಆರ್‌ಎಫ್‌ಗೆ ಇಡುವಷ್ಟರಲ್ಲಿ ಆ ಮಣ್ಣು ಮಿಲ್ ದಾಟಿ ಸೈಲೋ ಸೇರಿರುತ್ತದೆ.

ಕನ್ವೇಯರ್ ಬೆಲ್ಟಿಗೆ ಅಡ್ಡಲಾಗಿ ಕೂತು, ಸಾಗುವ ಕಲ್ಲನ್ನು ಅಲ್ಲೇ ಅಳೆಯುವ ಈ ಕ್ರಾಸ್ ಬೆಲ್ಟ್ ಅನಲೈಸರ್ ಬೆಲೆ ಬಾಳುವುದು ಇಲ್ಲೇ. ಯಂತ್ರದೊಳಗಿನ ವಿಕಿರಣ ಸೋರ್ಸ್ ಕ್ಯಾಲಿಫೋರ್ನಿಯಂ-252 ಬಿಡುವ ನ್ಯೂಟ್ರಾನ್ ಕಲ್ಲಿಗೆ ಹೊಕ್ಕಾಗ ಒಂದೊಂದು ಧಾತುವೂ ತನ್ನದೇ ಶಕ್ತಿಯ ಗಾಮಾ ಕಿರಣ ಬಿಡುತ್ತದೆ. ಡಿಟೆಕ್ಟರ್ ಅದನ್ನು ಎಣಿಸುತ್ತದೆ. ಎಕ್ಸ್‌ಆರ್‌ಎಫ್ ಕಾಣುವುದು ಮೇಲ್ಪದರ ಮಾತ್ರ, ಇದು ದಪ್ಪ ಕಲ್ಲಿನ ಒಳಗನ್ನೂ ಓದುತ್ತದೆ. ಆದರೆ ಒಂದು ನಿಮಿಷದ ಅಂಕಿ ನೋಡಿ ಫೀಡರ್ ತಿರುಗಿಸಬೇಡಿ. ಟನ್ ಲೆಕ್ಕ ಹಿಡಿದು ತೆಗೆದ ಸರಾಸರಿಯನ್ನೇ ನಂಬಿ.

ಕೊರತೆಗಳೂ ಇವೆ. ಬೆಲ್ಟ್ ಮೇಲೆ ಕಲ್ಲು ತೆಳುವಾದರೆ ರೀಡಿಂಗ್ ಕುಣಿಯುತ್ತದೆ. ಪಿವಿಸಿ ಬೆಲ್ಟ್ ಬೇಡವೇ ಬೇಡ, ಅದರ ಕ್ಲೋರಿನ್ ನ್ಯೂಟ್ರಾನ್ ನುಂಗಿ ತನ್ನದೇ ಗಾಮಾ ಸೇರಿಸುತ್ತದೆ. ಸೋಡಿಯಂ ಅಯೊಡೈಡ್ ಡಿಟೆಕ್ಟರ್ ಬಿಸಿಯೇರಿದರೆ ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಸರಿಯುತ್ತದೆ. ಕಲಬುರಗಿಯ ಮೇ ಬಿಸಿಲಿಗೆ ಕ್ಯಾಬಿನೆಟ್ ಏಸಿ ಕೆಟ್ಟಿತೆಂದರೆ ಆ ದಿನದ ಅಂಕಿ ಬಿಟ್ಟುಬಿಡಿ. ಸೋರ್ಸಿನ ಅರ್ಧಾಯು ಸುಮಾರು 2.65 ವರ್ಷ, ಎರಡು ವರ್ಷಕ್ಕೆ ಉಳಿಯುವುದು 60 ಪರ್ಸೆಂಟ್ ಅಷ್ಟೇ. ಹೊಸದು ತುಂಬಿಸುವ ಖರ್ಚನ್ನು ಮೊದಲ ಕೊಟೇಶನ್ನಿನಲ್ಲೇ ಕೇಳಿ.

ಅತಿ ದೊಡ್ಡ ತಪ್ಪು ಯಂತ್ರದಲ್ಲಿಲ್ಲ, ಅದನ್ನು ತಾಳೆ ನೋಡುವ ಸ್ಯಾಂಪಲ್‌ನಲ್ಲಿದೆ. ಸಲಿಕೆಯಲ್ಲಿ ಮೇಲಿನ ಹೆಂಟೆ ಎತ್ತಿ ಲ್ಯಾಬ್‌ಗೆ ಕಳಿಸಿ, ಅನಲೈಸರ್ ಸುಳ್ಳು ಹೇಳುತ್ತದೆ ಅಂದರೆ ಏನನ್ನೋಣ? ಪುಡಿ ಬೆಲ್ಟಿನ ತಳಕ್ಕೆ ಇಳಿದಿರುತ್ತದೆ, ಮಣ್ಣೂ ಅಲ್ಲೇ. ಕಲ್ಲಿನ ಹರಿವನ್ನು ಅಡ್ಡ ಕತ್ತರಿಸಿ ಸ್ಯಾಂಪಲ್ ಹಿಡಿಯುವ ಕಟ್ಟರ್ ಬಾಯಿ ಅತಿ ದೊಡ್ಡ ಕಲ್ಲಿನ ಮೂರು ಪಟ್ಟಾದರೂ ಇರಲಿ. ಬೆಲ್ಟ್ ಮೇಲಿಂದಲೇ ಕಲ್ಲು ಗುಡಿಸಿ ತೆಗೆಯುವ ಹ್ಯಾಮರ್ ಸ್ಯಾಂಪ್ಲರ್ ಆದರೆ ಬ್ರಷ್ ಬೆಲ್ಟಿಗೆ ತಾಗುತ್ತಿದೆಯಾ ಎಂದು ವಾರಕ್ಕೊಮ್ಮೆ ನೋಡಿ. ಬ್ರಷ್ ಸವೆದರೆ ಪುಡಿ ಅಲ್ಲೇ ಉಳಿದು ಸಿಲಿಕಾ ಕಡಿಮೆ ಬರುತ್ತದೆ. ಲ್ಯಾಬ್ ಅಂಕಿ ಒಣ ತೂಕದ್ದು, ಬೆಲ್ಟಿನದು ಹಸಿ. ತೇವಾಂಶ ಕಳೆಯದೆ ಎರಡನ್ನೂ ಹೋಲಿಸಬಾರದು.

ಒಂದೇ ಗಣಿ, ಒಳ್ಳೆಯ ಪ್ರೀ-ಬ್ಲೆಂಡಿಂಗ್ ರಾಶಿ (ಕಲ್ಲನ್ನು ಪದರವಾಗಿ ಹರಡಿ ಬೆರೆಸುವ ರಾಶಿ) ಇದ್ದವರಿಗೆ ಸ್ಯಾಂಪ್ಲರ್ ಮತ್ತು ಎಕ್ಸ್‌ಆರ್‌ಎಫ್ ಸಾಕು. ಕೊಳ್ಳುವುದೇ ಆದರೆ ಆ ರಾಶಿ ಹಾಕುವ ಸ್ಟ್ಯಾಕರ್‌ಗೆ ಮೊದಲೇ ಕೂರಿಸಿ, ಸೋರ್ಸ್ ಬರುವ ಮುಂಚೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯಾದ ಎಇಆರ್‌ಬಿ ಅನುಮತಿ, ರೇಡಿಯೇಷನ್ ಸೇಫ್ಟಿ ಆಫೀಸರ್ ನೇಮಕ ಎರಡನ್ನೂ ಮುಗಿಸಿಕೊಳ್ಳಿ.